ಬೈಗುಳದ ಪಕ್ಷಿವೀಕ್ಷಣೆ

ಹಕ್ಕಿ ನೋಡುವ ವಿದ್ಯೆ ಕಲಿಸುವವರು ಮೊದಲ ಪಾಠದಲ್ಲೇ ಮೂರು ಕಟ್ಟಳೆ ಹಾಕುತ್ತಾರೆ. ಮಾಸಲು ಬಣ್ಣದ ಬಟ್ಟೆ ಹಾಕಿ, ಮೈ ಅಲುಗಿಸಬೇಡಿ, ಬಾಯಿ ಬಿಡಬೇಡಿ. ಮೊದಲ ಎರಡನ್ನು ನಮ್ಮ ಕಡೆಯವರೂ ಹೇಗೋ ಪಾಲಿಸಿಯಾರು. ಸಂಡೂರಿನ ಗಣಿ ರಸ್ತೆಯಲ್ಲಿ ಒಂದು ಸುತ್ತು ಬೈಕ್ ಹೊಡೆದು ಬಂದರೆ ಬಿಳಿ ಅಂಗಿ ತಾನಾಗಿಯೇ ಮಾಸಲು ಬಣ್ಣಕ್ಕೆ ಇಳಿಯುತ್ತದೆ. ಬೆಳಿಗ್ಗೆ ಒಂದು ತಟ್ಟೆ ಒಗ್ಗಾಣಿ, ಮೇಲೆ ನಾಲ್ಕು ಮಿರ್ಚಿ ಇಳಿಸಿ ಕಟ್ಟೆ ಮೇಲೆ ಕೂತವನು ಮೈ ಅಲುಗಿಸುವ ಮಾತೇ ಇಲ್ಲ. ಆದರೆ ಬಾಯಿ ಮುಚ್ಚಿಕೊಂಡಿರುವುದು ಮಾತ್ರ ಹೊಸಪೇಟೆ, ಕಮಲಾಪುರ, ಕಂಪ್ಲಿ ಸೀಮೆಯಲ್ಲಿ ಹುಟ್ಟಿದವರಿಂದ ಆಗುವ ಕೆಲಸವಲ್ಲ.

ಹಾಗಾದರೆ ನಾವು ಹಕ್ಕಿ ನೋಡುವುದೇ ಇಲ್ಲವೇ? ನೋಡುತ್ತೇವೆ, ದಿನಾ ನೋಡುತ್ತೇವೆ, ಆದರೆ ಬೈಯುತ್ತಾ ನೋಡುತ್ತೇವೆ. ಹಿತ್ತಲ ಬೇವಿನ ಮರದಿಂದ ಬಾಳೆತೋಟದ ಬದುವಿನವರೆಗೆ ಯಾವ ಜೀವ ಯಾವ ಹೊತ್ತಿಗೆ ಬಂತು, ಏನು ತಿಂತು, ಯಾರನ್ನು ಕರೆದುಕೊಂಡು ಬಂತು ಎಂಬ ಲೆಕ್ಕವೆಲ್ಲ ನಮ್ಮ ಬೈಗುಳದಲ್ಲೇ ಇರುತ್ತದೆ. ಬೇಕಾದರೆ ಪಕ್ಷಿಶಾಸ್ತ್ರಜ್ಞರು ನೋಟ್‌ಬುಕ್ ಹಿಡಿದು ನಮ್ಮವ್ವನ ಹಿಂದೆ ಒಂದು ವಾರ ತಿರುಗಲಿ.

ಚಳಿಗಾಲ ಬಂತೆಂದರೆ ದರೋಜಿ ಕರಡಿಧಾಮದ ಕಡೆಗೆ ಹೊರ ಊರಿನ ಕಾರುಗಳು ಸಾಲು ಹಿಡಿಯುತ್ತವೆ. ಎಲ್ಲರಿಗೂ ಬೇಕಾದದ್ದು ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಈ ಹಕ್ಕಿ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಬಂಡೆಗಳ ನಡುವಿನ ಪೊದೆ ಅದರ ಮನೆ. ಬಂಡೆ ಒಡೆದರೆ, ಪೊದೆ ಕಡಿದರೆ ಅದಕ್ಕೆ ನೆಲೆ ತಪ್ಪುತ್ತದೆ. ಮೊಣಕೈಯುದ್ದದ ಲೆನ್ಸ್ ಹೊತ್ತವರು ಪಿಸುಮಾತಿನಲ್ಲಿ ‘ವಾವ್’ ಅನ್ನುತ್ತಾರೆ, ಪಟ್ಟಿಯಲ್ಲಿ ಒಂದು ಗುರುತು ಹಾಕುತ್ತಾರೆ, ಸಂಜೆ ಕಾರು ಹತ್ತುತ್ತಾರೆ. ಪಾಪ, ಅವರ ಸಂತೋಷಕ್ಕೆ ನಾನೇಕೆ ಕಲ್ಲು ಹಾಕಲಿ? ಆದರೆ ಒಂದೇ ಒಂದು ಸಲ ‘ವಾವ್’ ಅಂದು ಹೊರಟುಹೋಗುವ ಸಂಬಂಧ ಅದೆಂಥ ಸಂಬಂಧ ಎಂದು ನಮ್ಮ ಕಟ್ಟೆಯವರ ಪ್ರಶ್ನೆ.

ಬೆಂಗಳೂರಿನ ನನ್ನ ಅಳಿಯ, ಅಂದರೆ ಅಕ್ಕನ ಮಗ, ಇಂಥದೇ ಲೆನ್ಸ್ ತಂದಿದ್ದ. ದರೋಜಿಗೆ ಹೋಗುವ ಮೊದಲು ಕೈ ಪಳಗಲಿ ಅಂತ ಹಿತ್ತಲಲ್ಲೇ ಕೂತ. ಮೆಣಸಿನ ಗಿಡದ ಮೇಲೆ ಕೆಂಪು ಕಿಬ್ಬೊಟ್ಟೆಯ ಪಿಕಳಾರ ಬಂದು ಹಣ್ಣುಮೆಣಸಿನಕಾಯಿ ಕುಕ್ಕುತ್ತಿತ್ತು. ಇವನು ಉಸಿರು ಬಿಗಿಹಿಡಿದು ಗುರಿ ಇಡುವ ಹೊತ್ತಿಗೆ ಅಡುಗೆಮನೆ ಬಾಗಿಲಿಂದ ಅವ್ವನ ದನಿ ಬಂತು: ‘ಏ ಜುಟ್ಟಿನಾಕಿ, ನಿಮ್ಮಪ್ಪ ನೀರು ಹಾಕಿ ಬೆಳಿಸ್ಯಾನೇನು ಅದನ್ನ?’

‘ಅಜ್ಜಿ, ಸುಮ್ನಿರಜ್ಜಿ, ಹಾರಿಹೋಗುತ್ತೆ!’

‘ಹಾರಿ ಹೋಗ್ಲಿ ಅಂತಾನ ಬೈಯಾಕತ್ತೀನಿ.’

ಹಕ್ಕಿ ಹಾರಲಿಲ್ಲ. ಕತ್ತು ಓರೆ ಮಾಡಿ ಅವ್ವನನ್ನು ನೋಡಿತು, ಇನ್ನೊಂದು ಮೆಣಸಿನಕಾಯಿಗೆ ಬಾಯಿ ಹಾಕಿತು. ಅವ್ವ ಮೊಮ್ಮಗನ ಕಡೆ ತಿರುಗಿ, ‘ಅದು ಹೋಗಂಗಿಲ್ಲ ಬಿಡಪ್ಪ, ನನ್ನ ಬೈಗುಳ ಕೇಳೇ ದೊಡ್ಡದಾಗೈತಿ’ ಅಂದಳು.

ಈ ಮೆಣಸಿನಕಾಯಿ ವಿಷಯದಲ್ಲಿ ನನಗೊಂದು ಸಣ್ಣ ಹೊಟ್ಟೆಕಿಚ್ಚು ಇದೆ. ಮಿರ್ಚಿ ತಿಂದು ಕಣ್ಣಲ್ಲಿ ನೀರು ಸುರಿಸಿಕೊಂಡರೂ ‘ಖಾರನ ಇಲ್ಲ ತಗೀ’ ಎಂದು ಎದೆ ತಟ್ಟಿಕೊಳ್ಳುವ ಜನ ನಾವು. ಹಕ್ಕಿಗಳಿಗೆ ಮೆಣಸಿನಕಾಯಿ ನಿಜಕ್ಕೂ ಖಾರವೇ ಅಲ್ಲ. ನಮ್ಮ ನಾಲಿಗೆ ಸುಡುವ ಕ್ಯಾಪ್ಸೈಸಿನ್ ಅವುಗಳ ನರಕ್ಕೆ ತಗಲುವುದಿಲ್ಲ. ಗಿಡದ ಉಪಾಯವೂ ಇದರಲ್ಲಿದೆ. ಇಲಿ, ಹೆಗ್ಗಣ ತಿಂದರೆ ಬೀಜ ಹಲ್ಲಿಗೆ ಸಿಕ್ಕು ಪುಡಿಯಾಗುತ್ತದೆ, ಪಿಕಳಾರ ತಿಂದರೆ ಬೀಜ ಇಡಿಯಾಗಿ ಹೊರಬಿದ್ದು ಇನ್ನೊಂದು ಕಡೆ ಮೊಳೆಯುತ್ತದೆ. ನಮ್ಮ ಕೊಟ್ಟಿಗೆಯ ಹಿಂದೆ ಯಾರೂ ನೆಡದ ಮೆಣಸಿನ ಗಿಡ ಎದ್ದಿರುವುದು ಹೀಗೇ. ಅದರ ಕಾಯಿ ಕೀಳುವಾಗ ಅವ್ವ ಯಾರಿಗೂ ಏನೂ ಬೈಯುವುದಿಲ್ಲ, ಅದನ್ನೂ ಗಮನಿಸಿದ್ದೇನೆ.

ಅವ್ವನ ದಿನ ಶುರುವಾಗುವುದು ಮಡಿವಾಳ ಹಕ್ಕಿಯಿಂದ. ಕಪ್ಪು ಬಿಳಿ ಅಂಗಿ, ಎತ್ತಿದ ಬಾಲ. ಚಳಿಗಾಲವೆಲ್ಲ ಮೌನವ್ರತ ಹಿಡಿದು, ಬೇಸಿಗೆ ಮುಖ ತೋರಿಸುತ್ತಲೇ ಇನ್ನೂ ಕತ್ತಲಿರುವಾಗ ನೀರಿನ ಟ್ಯಾಂಕಿನ ಮೇಲೆ ಕೂತು ಕಛೇರಿ ಶುರು ಮಾಡುತ್ತದೆ. ‘ಬಂದ ನೋಡು ಗವಾಯಿ’ ಎಂದು ಅವ್ವ ಹಾಸಿಗೆಯಲ್ಲೇ ಗೊಣಗುತ್ತಾಳೆ. ಅದರ ಹಿಂದೆಯೇ ಕೋಗಿಲೆ. ಕವಿಗಳು ಅದೆಷ್ಟೋ ಕಾಲ ಕೋಗಿಲೆಯನ್ನು ಕೋಮಲ ಕಂಠದ ಹೆಣ್ಣೆಂದು ಹೊಗಳಿದರು. ಅಲ್ಲಿ ಗಂಟಲು ಹರಿದುಕೊಳ್ಳುತ್ತಿರುವವನು ಕೆಂಗಣ್ಣಿನ ಕರಿಯ ಗಂಡು. ಹೆಣ್ಣು ಮೈತುಂಬ ಚುಕ್ಕೆಯ ಸೀರೆ ಉಟ್ಟು, ಸದ್ದಿಲ್ಲದೆ ಕಾಗೆಯ ಗೂಡಿಗೆ ಹೊಂಚು ಹಾಕುತ್ತಿರುತ್ತದೆ. ಗಂಡ ಹಾಡಿ ಊರಿನ ಗಮನ ಸೆಳೆಯುವುದು, ಹೆಂಡತಿ ಮನೆಯ ಮುಖ್ಯ ಕೆಲಸ ಮುಗಿಸಿ ಬರುವುದು, ಈ ಸಂಸಾರ ನಮ್ಮಾಕೆಗೆ ಬಹಳ ಪರಿಚಿತ ಅನ್ನಿಸುತ್ತದಂತೆ. ಯಾರನ್ನು ನೋಡಿ ಹೇಳಿದಳು ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ.

ಎಂಟು ಗಂಟೆಗೆ ಹರಟೆಮಲ್ಲಗಳ ಗುಂಪು ಇಳಿಯುತ್ತದೆ. ಒಂದು ತರಗೆಲೆ ಮಗುಚಲು ಏಳು ಜನ, ಏಳು ಅಭಿಪ್ರಾಯ. ಮಳೆಗಾಲದ ಹೊತ್ತಿಗೆ ಜುಟ್ಟಿನ ಚಾತಕ ಇವುಗಳ ಗೂಡಿನಲ್ಲಿ ತನ್ನ ಮೊಟ್ಟೆ ಇಟ್ಟು ಹೋಗುತ್ತದೆ. ಮಳೆಹನಿಯನ್ನಷ್ಟೇ ಕುಡಿಯುವ ವ್ರತಸ್ಥ ಎಂದು ಕಾವ್ಯದಲ್ಲಿ ಹೆಸರಾದದ್ದು ಇದೇ ಚಾತಕ. ಮಗುವನ್ನು ಸಾಕುವ ವಿಷಯ ಬಂದಾಗ ಮಾತ್ರ ಪಕ್ಕದವರ ಮನೆ! ಇಷ್ಟೊಂದು ಚರ್ಚೆ ಮಾಡುವ ಹರಟೆಮಲ್ಲಗಳಲ್ಲಿ ಒಂದಕ್ಕೂ ‘ಈ ಮರಿ ಯಾಕೋ ನಮ್ಮ ಮನೆತನದ ಕಳೆ ಇಲ್ವಲ್ಲ’ ಎಂದು ಹೊಳೆಯುವುದಿಲ್ಲ. ಎಲ್ಲ ಸೇರಿ ಅದಕ್ಕೆ ಉಣಿಸುತ್ತವೆ. ‘ಮಾತು ಬಾಳಾದ್ರ ಕೆಲಸ ಹಿಂಗ ಕೆಡತೈತಿ ನೋಡು’ ಎಂದು ಅವ್ವ ಅವುಗಳ ನೆಪದಲ್ಲಿ ನನಗೆ ತಿವಿಯುತ್ತಾಳೆ.

ಸೂರಕ್ಕಿಯದು ಇನ್ನೊಂದು ಬಗೆ. ದಾಸವಾಳಕ್ಕೆ ಬಂದು ಮಧು ಹೀರಿ ಸುಮ್ಮನೆ ಹೋದರೆ ಅದಕ್ಕೂ ಮರ್ಯಾದೆ, ನಮಗೂ ಮರ್ಯಾದೆ. ಹೋಗುವಾಗ ಅಂಗಳದ ಬೈಕಿನ ಕನ್ನಡಿ ಕಣ್ಣಿಗೆ ಬೀಳುತ್ತದೆ. ಕನ್ನಡಿಯೊಳಗೆ ಇನ್ನೊಬ್ಬ ಗಂಡು! ನನ್ನ ಸರಹದ್ದಿನಲ್ಲಿ ನೀನ್ಯಾವನೋ ಎಂದು ಕೊಕ್ಕಿನಲ್ಲಿ ಕುಟ್ಟಿದ್ದೇ ಕುಟ್ಟಿದ್ದು. ಕನ್ನಡಿಗೆ ಹಳೆ ಕಾಲುಚೀಲ ತೊಡಿಸಿದ ಮೇಲೆ ಜಗಳ ತಣ್ಣಗಾಯಿತು. ಬೈಕಿಗೆ ಕಾಲುಚೀಲ ಯಾಕೆ ಎಂದು ದಾರಿಹೋಕರು ಕೇಳಿದರೆ ಹಕ್ಕಿಯ ಮಾನ ಉಳಿಸಲು ನಾನು ಬೇರೆ ಏನೋ ಹೇಳುತ್ತೇನೆ.

ಕಂಪ್ಲಿ ಕಡೆ ಹೊರಟರೆ ಭತ್ತ, ಕಬ್ಬು, ಬಾಳೆ, ನಡುವೆ ಕಾಲುವೆಗಳು. ವಿಜಯನಗರದ ಅರಸರು ತೋಡಿಸಿದ ಬಸವಣ್ಣ ಕಾಲುವೆ, ತುರ್ತು ಕಾಲುವೆಗಳ ನೀರು ಈಗಲೂ ಹೊಸಪೇಟೆ ಸುತ್ತಿನ ಗದ್ದೆ ತೋಟಗಳಿಗೆ ಹರಿಯುತ್ತಿದೆ. ಆ ನೀರಿನ ಅಂಚಿನ ಜಾಲಿ, ಈಚಲು ಮರಗಳಿಗೆ ಗೀಜಗನ ಗೂಡುಗಳು ಜೋತುಬಿದ್ದಿರುತ್ತವೆ. ಗಂಡು ಗೀಜಗ ಭತ್ತದ ಗರಿ, ಉದ್ದ ಹುಲ್ಲು ಸೀಳಿ ತಂದು ಅರ್ಧ ಗೂಡು ನೇಯ್ದು, ಹೆಣ್ಣು ಬಂದಾಗ ರೆಕ್ಕೆ ಬಡಿದು ಕುಣಿಯುತ್ತದೆ. ಹೆಣ್ಣು ಒಳಗೆ ಹೊಕ್ಕು, ಎಳೆದು, ಜಗ್ಗಿ ನೋಡುತ್ತದೆ. ಒಪ್ಪಿದರೆ ಉಳಿದರ್ಧ ಕೆಲಸ ಮುಂದುವರಿಯುತ್ತದೆ, ಒಪ್ಪದಿದ್ದರೆ ಇಷ್ಟು ದಿನದ ದುಡಿಮೆ ಗಾಳಿಗೆ ತೂಗುತ್ತಾ ಉಳಿಯುತ್ತದೆ. ಹೊಸ ಮನೆಗೆ ಬಂದ ಸೊಸೆಯ ತವರಿನವರು ನಲ್ಲಿ ತಿರುಗಿಸಿ, ಗೋಡೆ ತಟ್ಟಿ, ‘ಬಚ್ಚಲ ಸಣ್ಣದಾತು’ ಎಂದು ಮುಖ ಸಿಂಡರಿಸುವ ಥರವೇ ಇದು. ಗೀಜಗ ಗೊಣಗದೆ ಪಕ್ಕದಲ್ಲಿ ಇನ್ನೊಂದು ಗೂಡಿಗೆ ಕೈ ಹಾಕುತ್ತದೆ. ಅದಕ್ಕೆ ಬ್ಯಾಂಕಿನ ಕಂತು ಇಲ್ಲವಲ್ಲ.

ಇನ್ನು ಮಂಗಗಳ ವಿಷಯ. ಹಂಪಿ ಸೀಮೆಯಲ್ಲಿ ಹಿತ್ತಲು ಮಾಡಿಕೊಂಡು ಮಂಗಗಳ ಮೇಲೆ ದೂರು ಹೇಳುವವನು ಇತಿಹಾಸ ಓದಿಲ್ಲ ಎಂದೇ ಅರ್ಥ. ಈ ತುಂಗಭದ್ರೆಯ ದಂಡೆಯೇ ಕಿಷ್ಕಿಂಧೆ ಎಂದು ನಂಬಿದ ನೆಲ ಇದು. ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲಿ ಒಂದು ತೋಟದ ಪ್ರಕರಣ ಬರುತ್ತದೆ. ಸೀತೆಯ ಸುದ್ದಿ ಹೊತ್ತು ತಂದ ಹನುಮಂತನ ತಂಡ ಖುಷಿಯಲ್ಲಿ ಸುಗ್ರೀವನ ಮಧುವನಕ್ಕೆ ನುಗ್ಗಿ, ಜೇನು ಕುಡಿದು, ಹಣ್ಣು ತಿಂದು, ಗಿಡಮರ ಹಾಳುಗೆಡವುತ್ತದೆ. ತಡೆಯಲು ಹೋದ ಕಾವಲುಗಾರ ದಧಿಮುಖನಿಗೆ ಒದೆ ಬೀಳುತ್ತದೆ. ಆತ ಬೇರೆ ಯಾರೋ ಅಲ್ಲ, ಸುಗ್ರೀವನ ಸ್ವಂತ ಸೋದರಮಾವ. ಅಳುತ್ತಾ ದೂರು ಕೊಡಲು ಹೋದರೆ ಸುಗ್ರೀವ ಏನು ಮಾಡಿದ? ಇಷ್ಟು ಧೈರ್ಯದಿಂದ ತೋಟ ಹಾಳು ಮಾಡಿದ್ದಾರೆಂದರೆ ಹೋದ ಕೆಲಸ ಗೆದ್ದೇ ಬಂದಿದ್ದಾರೆ ಎಂದು ಖುಷಿಪಟ್ಟ! ರಾಜನ ಮಾವನ ದೂರಿಗೇ ಸಿಕ್ಕ ನ್ಯಾಯ ಇದು. ನನ್ನ ಎರಡು ಪಪ್ಪಾಯಿ ಗಿಡದ ದೂರನ್ನು ಯಾರ ಮುಂದೆ ಹೇಳಲಿ?

ಆದರೂ ಅವ್ವ ದಧಿಮುಖನ ಕೆಲಸ ಬಿಟ್ಟಿಲ್ಲ. ಕೆಂಪು ಮುಖದ ಕೋತಿಗಳು ಟ್ಯಾಂಕಿನ ಮುಚ್ಚಳ ತೆಗೆದು ಈಜುತ್ತವೆ, ಪೇರಲಕಾಯನ್ನು ಒಂದು ಕಡಿ ಕಡಿದು ಹಣ್ಣಾಗಿಲ್ಲವೆಂದು ಎಸೆಯುತ್ತವೆ, ಗಲ್ಲದ ಚೀಲಕ್ಕೆ ಶೇಂಗಾ ತುಂಬಿಕೊಂಡು ನಿಧಾನವಾಗಿ ತಿನ್ನಲು ಹುಣಸೆಮರ ಹತ್ತುತ್ತವೆ. ಕರಿಮುಖದ ಮುಸುವ ಬಂದರೆ ನುಗ್ಗೆಯ ಎಳೆ ಚಿಗುರೆಲ್ಲ ಸಫಾಯಿ. ‘ಹನುಮಪ್ಪಾ, ನಿನಗ ಶನಿವಾರ ಕಾಯಿ ಒಡೀತೀನಿ, ಈ ನಿನ್ನ ಮಂದೀನ ಕರಕೊಂಡು ಹೋಗು’ ಎಂದು ಅವ್ವ ಬೈಗುಳವನ್ನೂ ಹರಕೆಯನ್ನೂ ಒಂದೇ ಉಸಿರಿನಲ್ಲಿ ಮುಗಿಸುತ್ತಾಳೆ. ಆದರೆ ಒಂದು ನಿಯಮ ಮುರಿದದ್ದಿಲ್ಲ: ಕೈಯಾರೆ ಒಂದು ತುತ್ತೂ ಹಾಕುವುದಿಲ್ಲ. ‘ತಾವಾಗಿ ಕದ್ರ ಅದು ಅವುಗಳ ಉದ್ಯೋಗ. ನಾವು ಕೊಟ್ರ ಅವು ಭಿಕ್ಷುಕ ಆಗ್ತಾವ.’ ವಿರೂಪಾಕ್ಷ ಗುಡಿಯ ಮುಂದೆ ಪ್ರವಾಸಿಗರು ಬಿಸ್ಕತ್ತು, ಚಿಪ್ಸು ಕೊಟ್ಟು ಕೊಟ್ಟು, ಅಲ್ಲಿನ ಮಂಗಗಳು ಈಗ ಕೊಡದವರ ಚೀಲವನ್ನೇ ಕಿತ್ತುಕೊಳ್ಳುವ ಮಟ್ಟಕ್ಕೆ ಬಂದದ್ದು ನೋಡಿದರೆ ಅವ್ವನ ಮಾತು ಸುಳ್ಳೆನ್ನುವಂತಿಲ್ಲ.

ಬೈಯದೆ ಹಕ್ಕಿಯನ್ನು ‘ಆಸ್ವಾದಿಸಿದ’ ಕಾಲವೂ ಇಲ್ಲಿ ಇತ್ತು. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಅರಸರ ಊಟಕ್ಕೆ ಗೌಜಲಕ್ಕಿ, ಬುರ್ಲಿ, ಪಾರಿವಾಳ, ಮೊಲ ಮಾತ್ರವಲ್ಲ, ಗುಬ್ಬಚ್ಚಿ, ಇಲಿ, ಬೆಕ್ಕು, ಹಲ್ಲಿಗಳೂ ಪೇಟೆಯಲ್ಲಿ ಸಿಗುತ್ತಿದ್ದವಂತೆ, ಅದೂ ಜೀವಂತ. ಹಂಪಿಯ ಬಜಾರಿನ ಕಲ್ಲುಮಂಟಪಗಳ ನಡುವೆ ಇಂದು ಉಡ, ಓತಿಕ್ಯಾತಗಳು ಎದೆಯುಬ್ಬಿಸಿ ಬಿಸಿಲು ಕಾಯಿಸುವುದನ್ನು ಕಂಡಾಗ ನನಗೆ ನಗು ಬರುತ್ತದೆ. ಸಾಮ್ರಾಜ್ಯ ಹೋಯಿತು, ಮೆನುವಿನಲ್ಲಿದ್ದವರು ಉಳಿದರು.

ಎಲ್ಲರಿಗೂ ಒಂದೇ ಅಳತೆಯ ಬೈಗುಳ ಸಲ್ಲುವುದಿಲ್ಲ ಎಂಬುದನ್ನು ಕಲಿಸಿದ್ದು ಕರಡಿ. ಬಿಳಿಕಲ್ಲು ಕಾಡಿನ ಬಂಡೆಗುಡ್ಡಗಳಲ್ಲಿ 1994ರಲ್ಲಿ ದರೋಜಿ ಕರಡಿಧಾಮ ಆಯಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕರಡಿಕಲ್ಲು ಗುಡ್ಡದ ಬಂಡೆಗಳ ಮೇಲೆ ಕಾಕಂಬಿ ಸವರಿಟ್ಟರೆ, ಬೆನ್ನ ಮೇಲೆ ಮರಿ ಕೂರಿಸಿಕೊಂಡ ತಾಯಿ ಕರಡಿಗಳು ನೆಕ್ಕಲು ಬರುತ್ತವೆ. ಜನ ದೂರದ ಗೋಪುರದಿಂದ ನೋಡುತ್ತಾರೆ. ಈ ಕರಡಿಗೆ ಮೇಲ್ದವಡೆಯ ಮುಂದಿನ ಎರಡು ಹಲ್ಲು ಇಲ್ಲ. ಆ ಸಂದಿಯಿಂದಲೇ ಹುತ್ತದ ಧೂಳು ಊದಿ, ಗೆದ್ದಲು ಎಳೆದುಕೊಳ್ಳುತ್ತದೆ. ಆ ಸೊರಸೊರ ಸದ್ದು ಬಹು ದೂರ ಕೇಳಿಸುತ್ತದೆ. ನಮ್ಮಲ್ಲಿ ಬಸಿಗೆ ಚಹಾ ಸುರಿದು ಕುಡಿಯುವ ಹಿರಿಯರನ್ನು ಮೊಮ್ಮಕ್ಕಳು ಆಡಿಕೊಳ್ಳುವುದುಂಟು. ದರೋಜಿಗೆ ಒಮ್ಮೆ ಹೋಗಿ ಬಂದವರು ಆಮೇಲೆ ಹಿರಿಯರ ಗೋಜಿಗೆ ಹೋಗುವುದಿಲ್ಲ.

ಧಾಮದ ಗಡಿ ನಕ್ಷೆಯಲ್ಲಿದೆ, ಕರಡಿಯ ಮೂಗಿನಲ್ಲಿ ಇಲ್ಲ. ಶೇಂಗಾ, ಮೆಕ್ಕೆಜೋಳ, ಕಬ್ಬು, ಬಾಳೆಯ ವಾಸನೆ ಹಿಡಿದು ಅದು ಹೊಲಕ್ಕೆ ಬರುತ್ತದೆ. ಇಲ್ಲಿ ಮಾತ್ರ ತಮಾಷೆ ನಿಲ್ಲಬೇಕು. ನಸುಕಿನಲ್ಲಿ ಎದುರಾಬದುರಾ ಆದ ಕರಡಿ ಕ್ಷಮಿಸುವುದಿಲ್ಲ, ಹೆದರಿದ ತಾಯಿ ಕರಡಿಯಂತೂ ಮುಖಕ್ಕೇ ಕೈ ಹಾಕುತ್ತದೆ. ಅದಕ್ಕೇ ಹೊಲ ಕಾಯುವವರು ಒಬ್ಬೊಬ್ಬರೇ ಹೋಗುವುದಿಲ್ಲ, ಕೈಯಲ್ಲಿ ಬ್ಯಾಟರಿ, ಬಾಯಲ್ಲಿ ಗಟ್ಟಿ ಮಾತು. ಡಬ್ಬಿ ಬಡಿಯುತ್ತಾ, ಊರ ರಾಜಕಾರಣ ಆಡಿಕೊಳ್ಳುತ್ತಾ ನಡೆದರೆ ಕರಡಿ ತಾನೇ ದಾರಿ ಬಿಡುತ್ತದೆ. ನೋಡಿ, ಬಾಯಿ ಬಿಡಬೇಡಿ ಎನ್ನುವ ಕಟ್ಟಳೆ ಪಾಲಿಸಿದವನಿಗೇ ಇಲ್ಲಿ ಅಪಾಯ. ಬೈಗುಳವೇ ರಕ್ಷೆ.

ನದಿಯ ಮೇಲೂ ಇದೇ ಕತೆ. ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗೆ ಸುಮಾರು 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಹಂಪಿಯ ಬಂಡೆಗಳ ಸಂದಿಯಲ್ಲಿ ಇಡೀ ಸಂಸಾರ ತಲೆ ಎತ್ತಿ, ಮೀನು ಕಚ್ಚಿ, ಜಾರುಗುಂಡಿ ಆಡುತ್ತದೆ. ಬಲೆ ಹರಿದುಕೊಂಡ ಮೀನುಗಾರರು ಅವುಗಳ ವಂಶವನ್ನೇ ತೆಗಳುತ್ತಾರೆ. ಆದರೆ ಅವು ಎಲ್ಲಿ ಮರಿ ಹಾಕುತ್ತವೆ, ಯಾವ ಮಡುವಿನಲ್ಲಿ ಮೊಸಳೆಯಿದೆ ಎಂದು ಅಷ್ಟು ಕರಾರುವಾಕ್ಕಾಗಿ ಬಲ್ಲವರೂ ಆ ಹರಿಗೋಲಿನವರೇ. ತೆಗಳಲಾದರೂ ದಿನಾ ನೋಡಿರಬೇಕಲ್ಲ! ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಹಕ್ಕಿಗಳ ಕೆರೆಯಂತೂ 2024ರಲ್ಲಿ ಜಗತ್ತಿನ ಮುಖ್ಯ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೇ ಸೇರಿ ದೊಡ್ಡ ಮನುಷ್ಯರ ಸಾಲಿಗೆ ಬಂತು. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ತುಂಗಭದ್ರಾ ಹಿನ್ನೀರಿಗೂ ಇಳಿಯುತ್ತವೆ. ಅಷ್ಟು ದೂರದಿಂದ, ಅದೂ ವೀಸಾ ಇಲ್ಲದೆ ಬಂದವರು ಎಂಬ ರಿಯಾಯಿತಿಯಲ್ಲಿ ಅವುಗಳಿಗೆ ನಾವು ಸ್ವಲ್ಪ ಮೆಲುದನಿಯಲ್ಲಿ ಬೈಯುತ್ತೇವೆ.

ಸಂಡೂರಿನವರ ಕಷ್ಟ ಬೇರೆಯದು. ಅಲ್ಲಿನ ಬೆಟ್ಟದಲ್ಲಿ ಕುಮಾರಸ್ವಾಮಿಯ ಹಳೆಯ ಗುಡಿ ಇದೆ, ಕುಮಾರಸ್ವಾಮಿಯ ವಾಹನ ನವಿಲು. ಆ ವಾಹನ ಬೆಳಿಗ್ಗೆ ಬೆಳಿಗ್ಗೆ ಇಳಿದು ಬಂದು ಬಿತ್ತಿದ ಕಾಳು ಕೆದಕಿ, ಟೊಮೆಟೊ ಕುಕ್ಕಿ, ಮೆಣಸಿನ ಸಸಿ ತುಳಿದು ಹೋಗುತ್ತದೆ. ದೇವರ ವಾಹನ, ಮೇಲೆ 1963ರಿಂದ ರಾಷ್ಟ್ರಪಕ್ಷಿ. ಬೈದರೆ ದೇವರ ಸಿಟ್ಟು, ಮುಟ್ಟಿದರೆ ಸರ್ಕಾರದ ಸಿಟ್ಟು. ಅದಕ್ಕೆ ಸಂಡೂರಿನ ನಮ್ಮ ಬೀಗರು ಮೊದಲು ಕೈಮುಗಿದು ‘ಸ್ವಾಮೀ’ ಅನ್ನುತ್ತಾರೆ, ಆಮೇಲೆ ನವಿಲಿನ ಅಪ್ಪ, ಅಜ್ಜ, ಮುತ್ತಜ್ಜನವರೆಗೆ ಹೋಗಿ ಬರುತ್ತಾರೆ. ಅಷ್ಟಾದರೂ ಉದುರಿದ ಗರಿ ಸಿಕ್ಕರೆ ಒರೆಸಿ, ದೇವರ ಫೋಟೊದ ಹಿಂದೆ ಸಿಗಿಸುವವರು ಅವರೇ.

ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಕರಡಿಯಲ್ಲ, ಗೆಳೆಯನ ಹೊಸ ಮನೆ. ಊರ ಹೊರಗಿನ ಹೊಸ ಬಡಾವಣೆ. ಬಳ್ಳಾರಿ ಜಾಲಿ, ಕಾರೆ ಪೊದೆ ಎಲ್ಲ ಜೆಸಿಬಿಯಲ್ಲಿ ಬಳಿದು ಅಂಗಳಕ್ಕೆ ಪೂರ್ತಿ ಟೈಲ್ಸ್ ಹಾಕಿಸಿದ್ದಾನೆ. ಕಿಟಕಿಗೆ ಜಾಲರಿ, ಗೋಡೆಯಲ್ಲಿ ಗುಬ್ಬಿ ತೂರಲು ಒಂದು ಬೆರಳಗಲ ಸಂದಿ ಇಲ್ಲ. ಕುಂಡದಲ್ಲಿ ಪ್ಲಾಸ್ಟಿಕ್ ಹೂವು, ಕರೆಗಂಟೆ ಒತ್ತಿದರೆ ಗುಬ್ಬಿಯ ಚಿಲಿಪಿಲಿ. ಟಿವಿಯಲ್ಲಿ ಆಫ್ರಿಕಾದ ಸಿಂಹ. ‘ಒಂದು ಇರುವೆನೂ ಬರಂಗಿಲ್ಲ ನೋಡು’ ಎಂದು ಹೆಮ್ಮೆಯಿಂದ ಹೇಳಿದ. ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಅವಳು ಜಗಲಿ ಮೇಲೆ ಒಂದು ಗಳಿಗೆ ಕೂತಳು, ಅತ್ತ ಇತ್ತ ನೋಡಿದಳು, ಎದ್ದಳು. ದಾರಿಯಲ್ಲಿ ಹೇಳಿದಳು: ‘ಮನಿ ಚಂದೈತಿ. ಆದ್ರ ಬೈಯಾಕ ಒಂದು ಜೀವನೂ ಇಲ್ಲಲ್ಲೋ ತಮ್ಮಾ. ಅವನ ಹೇಣ್ತಿ ಒಬ್ಬಾಕಿನ ಎಷ್ಟು ಬೈಸಿಕೊಂಡಾಳು?’

ಹಾಗಾಗಿ ಹೊಸದಾಗಿ ಹಿತ್ತಲು ಮಾಡಿಕೊಳ್ಳುವವರಿಗೆ ನಮ್ಮ ಕಟ್ಟೆಯ ಸಲಹೆ ಇಷ್ಟು. ಬೇಸಿಗೆಯಲ್ಲಿ ಮಣ್ಣಿನ ಬೋಗುಣಿಗೆ ನೀರಿಡಿ, ದಿನಾ ತೊಳೆದು ಬದಲಿಸಿ, ಇಲ್ಲದಿದ್ದರೆ ಸೊಳ್ಳೆಗಳನ್ನು ಬೈಯಬೇಕಾಗುತ್ತದೆ. ಹಿತ್ತಲ ಒಂದು ಮೂಲೆಯನ್ನು ಗುಡಿಸದೆ ಬಿಡಿ, ಹರಟೆಮಲ್ಲಗಳಿಗೆ ಮಗುಚಲು ಎಲೆ ಬೇಕು. ಒಣಗಿದ ಮರವನ್ನು ಮನೆ ಮೇಲೆ ಬೀಳುವಂತಿಲ್ಲದಿದ್ದರೆ ಹಾಗೇ ನಿಲ್ಲಿಸಿ, ಮರಕುಟಿಗ, ಗಿಳಿ, ಹಾಲಕ್ಕಿಗಳಿಗೆ ಅದೇ ಬಾಡಿಗೆ ಮನೆ. ಕೇರೆಹಾವು ಕಂಡರೆ ಕೋಲು ಹುಡುಕಬೇಡಿ, ಇಲಿ ಹಿಡಿಯಲು ಬಂದ ನೌಕರ ಅದು, ಸಂಬಳವನ್ನೂ ಕೇಳುವುದಿಲ್ಲ. ನಾಗರಹಾವಾದರೆ ದೂರ ನಿಂತು ಹಾವು ಹಿಡಿಯಬಲ್ಲವರಿಗೆ ಫೋನ್ ಮಾಡಿ, ಬೈಗುಳವನ್ನು ಫೋನಿನಲ್ಲೇ ಮುಗಿಸಿ. ಗಿಳಿಯನ್ನು ಪಂಜರದಲ್ಲಿಟ್ಟು ‘ರಾಮ ರಾಮ’ ಅನ್ನಿಸಬೇಡಿ, ಅದಕ್ಕೆ ಕಾನೂನು ಒಪ್ಪುವುದಿಲ್ಲ. ಹೊರಗೆ ಬಿಟ್ಟರೆ ಅದು ನಿಮ್ಮ ಪೇರಲ ತಿಂದು, ‘ರಾಮ ರಾಮ’ ಎಂದು ನೀವೇ ಅನ್ನುವಂತೆ ಮಾಡುತ್ತದೆ.

ಇಷ್ಟು ಮಾಡಿದರೆ ವರ್ಷದೊಳಗೆ ನಿಮ್ಮ ಬಾಯಿ ತುಂಬ ಕೆಲಸ. ನಂಬಿಕೆ ಬಾರದವರು ಒಮ್ಮೆ ನಮ್ಮ ಮನೆಗೇ ಬಂದು ಅವ್ವನ ಕೈಕೆಳಗೆ ಕಲಿಯಬಹುದು, ಫೀಸಿಲ್ಲ. ಹಂಪಿ ನೋಡಿಕೊಂಡೇ ಬನ್ನಿ. ಹಿರಿಯರ ಮನೆಗೆ ಬರಿಗೈಲಿ ಹೋಗಬಾರದೆಂದು ಗುಡಿ ಮುಂದೆ ಎರಡು ಡಜನ್ ಬಾಳೆಹಣ್ಣು ಕೊಂಡು ಕೈಯಲ್ಲಿ ತೂಗಿಸಿಕೊಂಡು ಹೊರಟಿರೋ, ಹಣ್ಣು ನಮ್ಮ ಮನೆ ಮುಟ್ಟುವುದಿಲ್ಲ. ಆದರೆ ಬೈಗುಳದ ಮೊದಲ ಪಾಠ ಅಲ್ಲೇ, ಗೋಪುರದ ಬುಡದಲ್ಲೇ, ಸಾಂಗವಾಗಿ ಮುಗಿದಿರುತ್ತದೆ.